ಪ್ರೆಸ್‌ನಿಂದ ವಾಪಸ್ ಬಾರದ ಪಿಡಿಎಫ್: ಕನ್ನಡ ಪುಸ್ತಕವನ್ನು ಅಚ್ಚಿಗೆ ಸಿದ್ಧ ಮಾಡುವುದು ಹೇಗೆ?

"ಪಿಡಿಎಫ್ ಕೊಟ್ಟೆ, ಪ್ರೆಸ್‌ನವರು ಸರಿಯಿಲ್ಲ ಅಂತ ವಾಪಸ್ ಕಳಿಸಿದರು. ನನ್ನ ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಕಾಣುತ್ತಿದೆಯಲ್ಲ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಮೊದಲ ಕವನ ಸಂಕಲನ ತರುತ್ತಿರುವವರು, ಶಾಲೆಯ ಸ್ಮರಣ ಸಂಚಿಕೆಯ ಹೊಣೆ ಹೊತ್ತ ಮೇಷ್ಟ್ರು, ತಂದೆಯ ಹಳೆಯ ಬರಹಗಳನ್ನು ಪುಸ್ತಕ ಮಾಡಿಸಲು ಹೊರಟ ಮಕ್ಕಳು, ಎಲ್ಲರಿಗೂ ಇದೇ ಗೊಂದಲ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಈ ವಿಷಯದ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ. ಬ್ಲೀಡ್ (ಪುಟದ ಅಂಚಿನ ಆಚೆಗೂ ಚಾಚುವ ಬಣ್ಣ ಅಥವಾ ಚಿತ್ರ), ಬಣ್ಣ, ರೆಸಲ್ಯೂಶನ್ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಎಲ್ಲ ಅಲ್ಲಿದೆ. ಆದರೆ ಒತ್ತಕ್ಷರ ಒಡೆಯುವುದು, ನುಡಿ ಫಾಂಟ್‌ನ ತೊಂದರೆ, ಸಾಲುಗಳು ಒಂದಕ್ಕೊಂದು ತಾಗುವುದು, ಇವು ಅಲ್ಲಿಲ್ಲ. ನಮ್ಮ ಪುಸ್ತಕಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ಮಾತನ್ನು ಮೊದಲೇ ಮನಸ್ಸಿನಲ್ಲಿಡಿ. ಪ್ರೆಸ್‌ನವರು ನಿಮ್ಮ ಪುಸ್ತಕವನ್ನು ಓದುವುದಿಲ್ಲ. ಪಿಡಿಎಫ್‌ನಲ್ಲಿ ಏನಿದೆಯೋ ಅದು ನೇರವಾಗಿ ಅಚ್ಚು ಹಾಕುವ ಪ್ಲೇಟ್‌ಗೆ ಹೋಗುತ್ತದೆ. ಅಕ್ಷರ ಸರಿಯಿದೆಯೇ ಎಂದು ನೋಡುವ ಕೊನೆಯ ಕಣ್ಣು ನಿಮ್ಮದೇ.

ಉದಾಹರಣೆಗೆ ಒಂದು ಪುಸ್ತಕ ಇಟ್ಟುಕೊಳ್ಳೋಣ: ಡೆಮಿ 1/8 ಅಳತೆ (ಇದೇನೆಂದು ಹಂತ 1ರಲ್ಲಿದೆ), ಒಟ್ಟು 160 ಪುಟ, ಒಳಪುಟ ಕಪ್ಪು-ಬಿಳುಪು, ಮುಖಪುಟ ನಾಲ್ಕು ಬಣ್ಣ, ಆಫ್‌ಸೆಟ್ (ಪ್ಲೇಟ್ ಮಾಡಿ ಶಾಯಿಯಲ್ಲಿ ಅಚ್ಚು ಹಾಕುವ) ಮುದ್ರಣ. ನಿಮ್ಮದು ಸಂಚಿಕೆಯಾಗಲಿ, ಆಮಂತ್ರಣ ಪತ್ರಿಕೆಯಾಗಲಿ, ಕ್ರಮ ಇದೇ.

ಬೇಕಾದದ್ದು ಇಷ್ಟು: ಪುಟ ವಿನ್ಯಾಸದ ಒಂದು ತಂತ್ರಾಂಶ, ಒಳ್ಳೆಯ ಯೂನಿಕೋಡ್ ಫಾಂಟ್, ಚಿತ್ರಗಳ ಮೂಲ ಫೈಲುಗಳು ಮತ್ತು ಪಿಡಿಎಫ್ ತೆರೆದು ತಪಾಸಣೆ ಮಾಡಲು ಅಕ್ರೊಬ್ಯಾಟ್ ತಂತ್ರಾಂಶ. ದುಡ್ಡು ಕೊಟ್ಟು ಕೊಳ್ಳುವುದಾದರೆ ಇನ್‌ಡಿಸೈನ್. ಉಚಿತವಾಗಿ ಬೇಕಾದರೆ ಸ್ಕ್ರೈಬಸ್. 2024ರಲ್ಲಿ ಬಂದ ಸ್ಕ್ರೈಬಸ್ 1.6 ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನೇ ಹಾಕಿಕೊಳ್ಳಿ. ಹಳೆಯ 1.4ರಲ್ಲಿ ಕನ್ನಡದ ಒತ್ತಕ್ಷರಗಳು ಕೂಡುವುದಿಲ್ಲ. ಬರೀ ಪಠ್ಯವಿರುವ ಕಪ್ಪು-ಬಿಳುಪು ಪುಸ್ತಕಕ್ಕೆ ವರ್ಡ್ ಅಥವಾ ಲಿಬ್ರೆಆಫೀಸ್ ಕೂಡ ಸಾಕು.

ಹಂತ 1: ಕೆಲಸ ಶುರು ಮಾಡುವ ಮೊದಲೇ ಪ್ರೆಸ್‌ಗೆ ಫೋನ್ ಮಾಡಿ

ಪುಟ ವಿನ್ಯಾಸ ಮುಗಿಸಿ ಆಮೇಲೆ ಪ್ರೆಸ್ ಹುಡುಕುವವರೇ ಜಾಸ್ತಿ. ಇದು ತಲೆಕೆಳಗಾದ ಕ್ರಮ. ಮೊದಲು ಇವನ್ನು ಕೇಳಿ ಬರೆದುಕೊಳ್ಳಿ:

- ಕತ್ತರಿಸಿದ ಮೇಲೆ ಪುಸ್ತಕದ ಅಳತೆ ಎಷ್ಟು? ಮಿಲಿಮೀಟರ್‌ನಲ್ಲಿ ಹೇಳಿಸಿಕೊಳ್ಳಿ.
- ಬ್ಲೀಡ್ ಎಷ್ಟು ಬೇಕು?
- ಒಳಪುಟದ ಕಾಗದ ಯಾವುದು, ಅದರ ದಪ್ಪ ಎಷ್ಟು?
- ಬೈಂಡಿಂಗ್ ಯಾವ ಬಗೆ? ಸೆಂಟರ್ ಪಿನ್ನೋ (ನಡುಮಡಿಕೆಗೆ ಪಿನ್ ಹೊಡೆಯುವುದು), ಪರ್ಫೆಕ್ಟ್ ಬೈಂಡಿಂಗೋ (ಬೆನ್ನಿಗೆ ಅಂಟು ಹಚ್ಚುವುದು), ಹೊಲಿಗೆಯೋ?
- ಯಾವ ಬಗೆಯ ಪಿಡಿಎಫ್ ಬೇಕು? ಪಿಡಿಎಫ್/ಎಕ್ಸ್-1ಎ ಅಥವಾ ಪಿಡಿಎಫ್/ಎಕ್ಸ್-4? (ಇವು ಮುದ್ರಣಕ್ಕೆಂದೇ ಇರುವ ಬಗೆಗಳು, ವಿವರ ಹಂತ 7ರಲ್ಲಿ.)
- ಬಣ್ಣಕ್ಕೆ ಯಾವ ಪ್ರೊಫೈಲ್ (ಕಾಗದ, ಶಾಯಿಗೆ ತಕ್ಕಂತೆ ಬಣ್ಣ ಹೊಂದಿಸುವ ಫೈಲ್) ಬಳಸಬೇಕು?

ಅಳತೆಯನ್ನು ಮಿಲಿಮೀಟರ್‌ನಲ್ಲೇ ಕೇಳಿ ಎಂದದ್ದಕ್ಕೆ ಕಾರಣವಿದೆ. ಡೆಮಿ ಎನ್ನುವುದು ದೊಡ್ಡ ಹಾಳೆಯ ಅಳತೆ. ಅದನ್ನು ಎಂಟು ಭಾಗ ಮಾಡಿದರೆ ಒಂದು ಹಾಳೆ ಡೆಮಿ 1/8. ಅಂಚು ಕತ್ತರಿಸಿದ ಮೇಲೆ ಅದು ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ ಉಳಿಯುತ್ತದೆ. ಈ 'ಸುಮಾರು' ಒಂದೊಂದು ಪ್ರೆಸ್‌ನಲ್ಲಿ ಒಂದೊಂದು ಥರ. ನಮ್ಮ ಉದಾಹರಣೆಗೆ 140 × 215 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಇದನ್ನು ಎ5 ಎಂದುಕೊಂಡು 148 × 210ರಲ್ಲಿ ವಿನ್ಯಾಸ ಮಾಡಿದರೆ ಇಡೀ ಪುಸ್ತಕವನ್ನು ಮತ್ತೆ ಜೋಡಿಸಬೇಕಾಗುತ್ತದೆ.

ಪುಟಗಳ ಲೆಕ್ಕವೂ ಇಲ್ಲೇ ತೀರ್ಮಾನವಾಗಲಿ. ಒಂದು ದೊಡ್ಡ ಹಾಳೆಯ ಎರಡೂ ಬದಿ ಅಚ್ಚಾಗಿ, ಮಡಚಿದಾಗ ಸಿಗುವ ಪುಟಗಳ ಗುಂಪಿಗೆ ಫಾರಂ ಎನ್ನುತ್ತಾರೆ. ಡೆಮಿ 1/8ರಲ್ಲಿ ಒಂದು ಫಾರಂ ಎಂದರೆ 16 ಪುಟ. 160 ಪುಟಕ್ಕೆ ಸರಿಯಾಗಿ ಹತ್ತು ಫಾರಂ. 163 ಪುಟ ಆಯಿತು ಎನ್ನಿ, ಆ ಮೂರು ಪುಟಕ್ಕಾಗಿ ಬೇರೆ ಪ್ಲೇಟ್, ಬೇರೆ ಹಾಳೆ. ಹಾಗಾದರೆ ಮುನ್ನುಡಿಯ ಸಾಲುಗಳನ್ನು ಸ್ವಲ್ಪ ಬಿಗಿ ಮಾಡಿ 160ಕ್ಕೆ ತನ್ನಿ. ಸೆಂಟರ್ ಪಿನ್ ಹೊಡೆಯುವ ತೆಳು ಸಂಚಿಕೆಯಾದರೆ ಪುಟಗಳು ನಾಲ್ಕರಿಂದ ಭಾಗವಾದರೆ ಸಾಕು.

ಅಂದ ಹಾಗೆ, ಪುಸ್ತಕದ ಎರಡನೇ ಪುಟದಲ್ಲಿ 'ಬಳಸಿರುವ ಕಾಗದ: 70 ಜಿಎಸ್‌ಎಂ ಮ್ಯಾಪ್ಲಿಥೋ, 1/8 ಡೆಮಿ' ಎಂಬ ಸಾಲು ನೋಡಿರುತ್ತೀರಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ, ಮ್ಯಾಪ್ಲಿಥೋ ಒಂದು ಬಗೆಯ ಕಾಗದ. ಪ್ರೆಸ್‌ನಿಂದ ಬಂದ ಉತ್ತರವೇ ಅಲ್ಲಿ ಅಚ್ಚಾಗುವುದು. ಊಹೆಯಿಂದ ತುಂಬಬೇಡಿ.

ಹಂತ 2: ಪಠ್ಯ ಮತ್ತು ಫಾಂಟ್

ಇಲ್ಲಿ ಅವಸರ ಬೇಡ. ಉಳಿದ ಎಲ್ಲ ಹಂತಗಳಿಗಿಂತ ಜಾಸ್ತಿ ಸಮಯ ಕೊಡಬೇಕಾದ್ದು ಇದಕ್ಕೆ.

ಕನ್ನಡ ಪಠ್ಯ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು ಯೂನಿಕೋಡ್. ಇದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ. ಇನ್ನೊಂದು ಹಳೆಯ ಆಸ್ಕಿ. ಇದರಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟ್ ಅವನ್ನು ಕನ್ನಡದ ತುಣುಕುಗಳಾಗಿ ತೋರಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದಲ್ಲ, ಅದು ಇದೇ.

ಆಸ್ಕಿ ಫಾಂಟ್‌ನಲ್ಲಿ ಮುದ್ರಣ ಕೆಡುತ್ತದೆ ಎಂದೇನೂ ಇಲ್ಲ. ಫಾಂಟ್ ಪಿಡಿಎಫ್ ಒಳಗೆ ಸೇರಿಕೊಂಡಿದ್ದರೆ ಅಚ್ಚು ಚೆನ್ನಾಗಿಯೇ ಬರುತ್ತದೆ. ಎಷ್ಟೋ ಡಿಟಿಪಿ ಕೇಂದ್ರಗಳಲ್ಲಿ ಇಂದಿಗೂ ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ಹಳೆಯ ತಂತ್ರಾಂಶದಲ್ಲಿ ಹೀಗೇ ಕೆಲಸ ನಡೆಯುತ್ತದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಆದರೂ ಹೊಸ ಪುಸ್ತಕವನ್ನು ಯೂನಿಕೋಡ್‌ನಲ್ಲೇ ಮಾಡಿ ಎನ್ನುತ್ತೇನೆ. ನಾಳೆ ಅದನ್ನೇ ಇ-ಪುಸ್ತಕ ಮಾಡಬಹುದು, ಪದ ಹುಡುಕಬಹುದು, ಎರಡನೇ ಮುದ್ರಣಕ್ಕೆ ಬೇರೆಯವರ ಕೈಗೂ ಕೊಡಬಹುದು.

ಹಳೆಯ ನುಡಿ ಫೈಲಿದ್ದರೆ ಎರಡರಲ್ಲೊಂದು ಮಾಡಿ. ಕೊನೆಯವರೆಗೂ ಆಸ್ಕಿಯಲ್ಲೇ ಮುಗಿಸಿ. ಅಥವಾ ಮೊದಲೇ ಪೂರ್ತಿ ಯೂನಿಕೋಡ್‌ಗೆ ಬದಲಿಸಿ, ಮತ್ತೊಮ್ಮೆ ಕರಡು ತಿದ್ದಿ. ಪರಿವರ್ತಕ ತಂತ್ರಾಂಶ ಎಷ್ಟೇ ಚೆನ್ನಾಗಿದ್ದರೂ ಅರ್ಕಾವತ್ತು, ವಿಸರ್ಗ, ಉದ್ಧರಣ ಚಿಹ್ನೆಗಳಲ್ಲಿ ಎಡವುತ್ತದೆ. ಆಸ್ಕಿಯಲ್ಲೇ ಮುಂದುವರಿಯುವವರು ವರ್ಡ್‌ನ ಆಟೋಕರೆಕ್ಟ್ ಅನ್ನು ಮೊದಲು ಆಫ್ ಮಾಡಿ. ವರ್ಡ್ ಅದನ್ನು ಇಂಗ್ಲಿಷ್ ಎಂದುಕೊಂಡು ಸಣ್ಣ ಅಕ್ಷರವನ್ನು ದೊಡ್ಡದು ಮಾಡಿದರೆ ನಿಮ್ಮ ಪುಟದಲ್ಲಿ ಕನ್ನಡದ ಅಕ್ಷರವೇ ಬದಲಾಗಿಬಿಡುತ್ತದೆ.

ಯೂನಿಕೋಡ್ ಪಠ್ಯದಲ್ಲಿ ನೋಡಬೇಕಾದ ಕೆಲವು ತಪ್ಪುಗಳು:

ಮೊದಲನೆಯದು, ಅನುಸ್ವಾರದ ಜಾಗದಲ್ಲಿ ಸೊನ್ನೆ. 'ಬೆಂಗಳೂರು' ಎನ್ನುವಲ್ಲಿ 'ಬೆ೦ಗಳೂರು' ಎಂದು ಕನ್ನಡದ ಅಂಕಿ ಸೊನ್ನೆಯನ್ನು ಟೈಪ್ ಮಾಡಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಫಾಂಟ್ ಬದಲಿಸಿದಾಗ ಸೊನ್ನೆ ದೊಡ್ಡದಾಗಿ ಎದ್ದು ಕಾಣಬಹುದು. ಹುಡುಕಿದರೆ ಪದ ಸಿಗುವುದಿಲ್ಲ. 'ಫೈಂಡ್ ಅಂಡ್ ರಿಪ್ಲೇಸ್' ಬಳಸಿ ಎಲ್ಲವನ್ನೂ ಒಂದೇ ಸಲ ಬದಲಿಸಬಹುದು. ಆದರೆ ಪುಸ್ತಕದಲ್ಲಿ ೧೦, ೨೦ ಎಂದು ಕನ್ನಡ ಅಂಕಿಗಳೂ ಇದ್ದರೆ ಹುಷಾರು. ಅವೂ ಕೆಡುತ್ತವೆ. ಆಗ ಒಂದೊಂದಾಗಿ ನೋಡುತ್ತಾ ಬದಲಿಸಿ.

ಎರಡನೆಯದು, ಒತ್ತು ಬೇಡದ ಕಡೆ ಒತ್ತು. 'ಸಾಫ್ಟ್‌ವೇರ್' ಎಂದು ಬರಬೇಕಾದ್ದು 'ಸಾಫ್ಟ್ವೇರ್' ಆಗುತ್ತದೆ. ನಡುವೆ ಜಡ್‌ಡಬ್ಲ್ಯುಎನ್‌ಜೆ ಎಂಬ ಕಣ್ಣಿಗೆ ಕಾಣದ ಗುರುತು ಬೇಕು. ಎರಡು ಅಕ್ಷರಗಳು ಕೂಡದಂತೆ ತಡೆಯುವುದೇ ಅದರ ಕೆಲಸ. ವರ್ಡ್‌ನಿಂದ ಇನ್‌ಡಿಸೈನ್‌ಗೆ ಪಠ್ಯ ತರುವಾಗ, ಅಥವಾ ಯಾರೋ 'ಅನಗತ್ಯ ಗುರುತುಗಳನ್ನು ತೆಗೆದುಹಾಕು' ಎಂದು ಒಂದೇ ಏಟಿಗೆ ಶುಚಿ ಮಾಡಿದಾಗ, ಈ ಗುರುತುಗಳು ಮಾಯವಾಗುವುದುಂಟು. ಇದೇ ರೀತಿ 'ರ‍್ಯಾಂಕ್' ಎನ್ನುವುದು ಅರ್ಕಾವತ್ತಿನ 'ರ್ಯಾಂಕ್' ಆಗಿಬಿಡುತ್ತದೆ.

ಮೂರನೆಯದು ಇನ್‌ಡಿಸೈನ್‌ನದೇ ತೊಂದರೆ. ಪಠ್ಯ ಹಾಕಿದ ಕೂಡಲೇ ಒತ್ತಕ್ಷರಗಳು ಬಿಡಿಬಿಡಿಯಾಗಿ, ಹಲಂತದ ಗುರುತಿನೊಂದಿಗೆ ಕಂಡರೆ ಫಾಂಟ್ ಬೈಯಬೇಡಿ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ. ಅಕ್ಷರಗಳು ಕೂಡಿಕೊಳ್ಳುತ್ತವೆ. ಇದನ್ನು ಒಂದೊಂದು ಪ್ಯಾರಾಕ್ಕೆ ಮಾಡುವ ಬದಲು ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೇ ಸೇರಿಸಿ. ಪುಟದ ತಲೆಬರಹ, ಚಿತ್ರದ ಅಡಿಬರಹ, ಪರಿವಿಡಿ, ಇವುಗಳ ಸ್ಟೈಲ್‌ಗೂ ಸೇರಿಸಿ. ಮುಖ್ಯ ಪಠ್ಯ ಸರಿಯಿದ್ದು ತಲೆಬರಹದಲ್ಲಿ ಮಾತ್ರ ಅಕ್ಷರ ಒಡೆದ ಪುಸ್ತಕಗಳು ಬೇಕಾದಷ್ಟಿವೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಖಾಲಿ ಪುಟದಲ್ಲಿ ಈ ಪದಗಳನ್ನು ನಿಮ್ಮ ಫಾಂಟ್‌ನಲ್ಲಿ ಬರೆದು, ಪಿಡಿಎಫ್ ಮಾಡಿ, ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ: ಸ್ವಾತಂತ್ರ್ಯ, ರಾಷ್ಟ್ರೀಯ, ಸೂರ್ಯ, ರ‍್ಯಾಂಕ್, ಪ್ರಜ್ಞೆ, ಕೃಷ್ಣ, ಸಾಫ್ಟ್‌ವೇರ್. ಇಷ್ಟೂ ಸರಿಯಾಗಿ ಬಂದರೆ ಫಾಂಟ್ ಮತ್ತು ತಂತ್ರಾಂಶದ ಜೋಡಿಯನ್ನು ನಂಬಬಹುದು. 'ತಂತ್ರ್ಯ'ದಲ್ಲಿ ಒಂದರ ಕೆಳಗೊಂದು ಎರಡು ಒತ್ತು ಬರುತ್ತವೆ. ಅವು ಒಂದರ ಮೇಲೊಂದು ಬಿದ್ದಿವೆಯೇ ಎಂದು ಹತ್ತಿರದಿಂದ ನೋಡಿ.

ಫಾಂಟ್ ಯಾವುದು ಎಂದರೆ, ಪುಸ್ತಕದ ಒಳಪುಟಕ್ಕೆ ನೋಟೋ ಸೆರಿಫ್ ಕನ್ನಡ ಮತ್ತು ಟೀರೋ ಕನ್ನಡ ಚೆನ್ನಾಗಿವೆ. ಎರಡೂ ಮುಕ್ತ ಪರವಾನಗಿಯವು. ಪಿಡಿಎಫ್‌ನಲ್ಲಿ ಸೇರಿಸಲು ಅಡ್ಡಿಯಿಲ್ಲ. ಬೋಲ್ಡ್ ಬೇಕಾದರೆ ನಿಜವಾದ ಬೋಲ್ಡ್ ಇರುವ ಫಾಂಟ್ ಆರಿಸಿ. ಬೋಲ್ಡ್ ಇಲ್ಲದ ಫಾಂಟ್‌ಗೆ ವರ್ಡ್‌ನಲ್ಲಿ 'ಬಿ' ಒತ್ತಿದರೆ ಅದು ಅಕ್ಷರದ ಗೆರೆಯನ್ನು ಸುಮ್ನೆ ದಪ್ಪ ಮಾಡುತ್ತದೆ. ಅಚ್ಚಿನಲ್ಲಿ ಒತ್ತಕ್ಷರದ ಸಣ್ಣ ಕುಣಿಕೆಗಳೆಲ್ಲ ಮುಚ್ಚಿಹೋಗುತ್ತವೆ.

ಹಂತ 3: ಪುಟದ ಅಳತೆ, ಅಂಚು, ಸಾಲಿನ ಅಂತರ

ಹೊಸ ಡಾಕ್ಯುಮೆಂಟ್ ತೆರೆಯುವಾಗ ಪುಟದ ಅಳತೆ 140 × 215 ಮಿ.ಮೀ. ಇರಲಿ, ಬ್ಲೀಡ್ ನಾಲ್ಕೂ ಕಡೆ 3 ಮಿ.ಮೀ. ಇರಲಿ. ಬ್ಲೀಡ್ ಎಂದರೆ ಪುಟದ ಅಂಚಿನವರೆಗೆ ಹೋಗುವ ಬಣ್ಣವನ್ನೋ ಚಿತ್ರವನ್ನೋ ಅಂಚಿನ ಆಚೆಗೂ ಸ್ವಲ್ಪ ಚಾಚುವುದು. ಕತ್ತರಿಸುವ ಯಂತ್ರ ಕೂದಲೆಳೆಯಷ್ಟು ಆಚೀಚೆ ಆಗಿಯೇ ಆಗುತ್ತದೆ. ಬ್ಲೀಡ್ ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಒಳಪುಟದಲ್ಲಿ ಅಂಚು ಮುಟ್ಟುವ ಚಿತ್ರವೇ ಇಲ್ಲ ಎಂದರೆ ಬ್ಲೀಡ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಮುಖಪುಟಕ್ಕೆ ಮಾತ್ರ ಬೇಕೇ ಬೇಕು.

ಇದರ ಇನ್ನೊಂದು ಮುಖ: ಮುಖ್ಯವಾದ ಅಕ್ಷರ, ಮುಖ, ಲೋಗೋ ಯಾವುದೇ ಆಗಲಿ ಅಂಚಿನಿಂದ ಕನಿಷ್ಠ 5 ಮಿ.ಮೀ. ದೂರ ಬಿಟ್ಟು ಒಳಗೆ ಇರಲಿ. ಪುಟದ ಸುತ್ತ ಅಂಚಿಗೆ ತಾಗಿದಂತೆ ತೆಳು ಚೌಕಟ್ಟು ಹಾಕುವ ಆಸೆ ನಮ್ಮಲ್ಲಿ ಅನೇಕರಿಗಿದೆ, ಅದರಲ್ಲೂ ಆಮಂತ್ರಣ ಮತ್ತು ಪ್ರಮಾಣಪತ್ರಗಳಲ್ಲಿ. ಕತ್ತರಿ ಒಂದು ಮಿಲಿಮೀಟರ್ ಸರಿದರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಎಂದು ಎದ್ದು ಕಾಣುತ್ತದೆ. ಚೌಕಟ್ಟು ಬೇಕೇ ಬೇಕು ಎಂದರೆ ಕನಿಷ್ಠ 8-10 ಮಿ.ಮೀ. ಒಳಗೆ ಹಾಕಿ.

ಬೈಂಡಿಂಗ್ ಕಡೆಯ ಅಂಚಿಗೆ 20 ಮಿ.ಮೀ. ಬಿಡಿ, ಹೊರಗಡೆ 15 ಸಾಕು. ಪರ್ಫೆಕ್ಟ್ ಬೈಂಡಿಂಗ್‌ನ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ. ಒಳಗಿನ ಅಂಚು ಕಡಿಮೆಯಾದರೆ ಸಾಲಿನ ಮೊದಲ ಅಕ್ಷರ ಮಡಿಕೆಯೊಳಗೆ ಸೇರಿಕೊಳ್ಳುತ್ತದೆ.

ಸಾಲಿನ ಅಂತರಕ್ಕೆ ಇಂಗ್ಲಿಷ್ ಲೆಕ್ಕ ಬೇಡ. ತಂತ್ರಾಂಶ ತಾನಾಗಿ ಕೊಡುವ ಅಂತರ ಶೇ. 120. ಅಂದರೆ 12 ಪಾಯಿಂಟ್ ಅಕ್ಷರಕ್ಕೆ ಸುಮಾರು 14.4 ಪಾಯಿಂಟ್. ಇಂಗ್ಲಿಷ್‌ಗೆ ಅದು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ 'ಷ್ಟ್ರ'ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. 11.5 ಅಥವಾ 12 ಪಾಯಿಂಟ್ ಅಕ್ಷರಕ್ಕೆ 17-18 ಪಾಯಿಂಟ್ ಅಂತರ ಕೊಡಿ. ವರ್ಡ್‌ನಲ್ಲಿ 'ಎಕ್ಸಾಕ್ಟ್ಲಿ' ಎಂದು ಕಡಿಮೆ ಅಂತರ ಇಟ್ಟರೆ ಅಕ್ಷರದ ತಲೆಯೇ ಕತ್ತರಿಸಿದಂತೆ ಆಗುತ್ತದೆ. ಪುಟ ಉಳಿಸಲು ಅಂತರ ಕಡಿಮೆ ಮಾಡುವ ಬದಲು ಅಕ್ಷರವನ್ನು ಅರ್ಧ ಪಾಯಿಂಟ್ ಇಳಿಸುವುದು ವಾಸಿ.

ಹಂತ 4: ಚಿತ್ರಗಳು

ನಿಯಮ ಸರಳ. ಅಚ್ಚಾಗುವ ಅಳತೆಯಲ್ಲಿ ಪ್ರತಿ ಇಂಚಿಗೆ 300 ಪಿಕ್ಸೆಲ್ ಇರಬೇಕು. ಪಿಕ್ಸೆಲ್ ಎಂದರೆ ಚಿತ್ರದ ಒಂದೊಂದು ಚುಕ್ಕೆ. ಫೋಟೋ ಪುಟದಲ್ಲಿ 4 ಇಂಚು ಅಗಲ ಬರುತ್ತದೆ ಎಂದರೆ 1200 ಪಿಕ್ಸೆಲ್ ಅಗಲ ಬೇಕು. ನಿಮ್ಮ ಹತ್ತಿರ ಇರುವುದು 600 ಪಿಕ್ಸೆಲ್ ಮಾತ್ರ ಎಂದರೆ 2 ಇಂಚಿಗೆ ಹಾಕಿ. ಫೋಟೋಶಾಪ್‌ನಲ್ಲಿ 600 ಅನ್ನು 1200 ಎಂದು ಬರೆದರೆ ಪಿಕ್ಸೆಲ್ ಹೆಚ್ಚುತ್ತದೆ, ವಿವರ ಹೆಚ್ಚುವುದಿಲ್ಲ.

ಸ್ಮರಣ ಸಂಚಿಕೆಗಳಲ್ಲಿ ಫೋಟೋ ಮಸುಕಾಗಲು ಮುಖ್ಯ ಕಾರಣ ವಾಟ್ಸಾಪ್. ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಅದನ್ನು ಮತ್ತೊಬ್ಬರು ಫಾರ್ವರ್ಡ್ ಮಾಡಿ, ಇನ್ನೊಬ್ಬರು ಸ್ಕ್ರೀನ್‌ಶಾಟ್ ತೆಗೆದು ಕಳಿಸಿದ ಮೇಲೆ ಅಚ್ಚಿಗೆ ಏನೂ ಉಳಿದಿರುವುದಿಲ್ಲ. ಫೋಟೋ ಕೇಳುವಾಗಲೇ ಹೇಳಿ: "ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಇಮೇಲ್ ಮಾಡಿ." ಲೇಖಕರ ಭಾವಚಿತ್ರಗಳಿಗೆ ಈ ಮಾತನ್ನು ಒಂದಕ್ಕೆ ಎರಡು ಸಲ ಹೇಳಬೇಕು.

ಮನೆಯ ಹಳೆಯ ಫೋಟೋಗಳನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಬೇಡಿ. ಸ್ಕ್ಯಾನ್ ಮಾಡಿಸಿ. 2 × 3 ಇಂಚಿನ ಫೋಟೋವನ್ನು 4 × 6ಕ್ಕೆ ದೊಡ್ಡದು ಮಾಡಬೇಕಿದ್ದರೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಆಗಲಿ. ಕೈಬರಹ, ಸಹಿ, ರೇಖಾಚಿತ್ರಗಳಿಗೆ 1200 ಡಿಪಿಐ. ಗೆರೆಯ ಅಂಚು ಗರಗಸದಂತೆ ಕಾಣದಿರಲು ಅಷ್ಟು ಬೇಕು. ಲೋಗೋ ಇದ್ದರೆ ವೆಕ್ಟರ್ ಫೈಲ್ ಕೇಳಿ ತರಿಸಿ. ವೆಕ್ಟರ್ ಎಂದರೆ ಚುಕ್ಕೆಗಳ ಬದಲು ಗೆರೆಗಳ ಲೆಕ್ಕದಲ್ಲಿ ಉಳಿದ ಚಿತ್ರ. ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ.

ಒಳಪುಟ ಒಂದೇ ಬಣ್ಣವಾದರೆ ಫೋಟೋಗಳನ್ನು ನೀವೇ ಗ್ರೇಸ್ಕೇಲ್ (ಕಪ್ಪು-ಬಿಳುಪು) ಮಾಡಿ, ಸ್ವಲ್ಪ ತಿಳಿ ಮಾಡಿ ಹಾಕಿ. ಮ್ಯಾಪ್ಲಿಥೋ ಕಾಗದ ಶಾಯಿಯನ್ನು ಹೀರುತ್ತದೆ. ಚುಕ್ಕೆಗಳು ಹರಡಿ ಚಿತ್ರ ಕಪ್ಪಾಗುತ್ತದೆ. ಪರದೆಯ ಮೇಲೆ ಸರಿಯಾಗಿ ಕಂಡ ಮುಖ ಅಚ್ಚಿನಲ್ಲಿ ಮಸಿ ಬಳಿದಂತೆ ಬರುವುದು ಇದರಿಂದಲೇ.

ಹಂತ 5: ಬಣ್ಣ, ಅದಕ್ಕಿಂತ ಮುಖ್ಯವಾಗಿ ಕಪ್ಪು

ಪರದೆ ಬಣ್ಣ ತೋರಿಸುವುದು ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ. ಅದು ಆರ್‌ಜಿಬಿ. ಪ್ರೆಸ್ ಬಳಸುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿ. ಅದು ಸಿಎಂವೈಕೆ. ಪರದೆಯ ಎಲ್ಲ ಬಣ್ಣ ಶಾಯಿಯಲ್ಲಿ ಬರುವುದಿಲ್ಲ. ಹೊಳೆಯುವ ಗಿಳಿ ಹಸಿರು, ಕಡು ನೀಲಿ, ಝಗಝಗ ಕಿತ್ತಳೆ ಮಂಕಾಗುತ್ತವೆ. ಮುಖಪುಟವನ್ನು ಮೊದಲಿನಿಂದಲೇ ಸಿಎಂವೈಕೆಯಲ್ಲಿ ಮಾಡಿದರೆ ಕೊನೆಗೆ ನಿರಾಸೆಯಿಲ್ಲ. ಬಣ್ಣವನ್ನು ಕಣ್ಣಂದಾಜಿಗೆ ಬಿಡದೆ ಶೇಕಡಾ ಅಂಕಿಯಲ್ಲಿ ಕೊಡಿ. ರಾಜ್ಯೋತ್ಸವದ ಸಂಚಿಕೆಗೆ ಹಳದಿ-ಕೆಂಪು ಬೇಕೇ? ಹಳದಿಗೆ ಮಜೆಂಟಾ 10, ಹಳದಿ 100. ಕೆಂಪಿಗೆ ಮಜೆಂಟಾ 100, ಹಳದಿ 100. ಸಯಾನ್ ಮತ್ತು ಕಪ್ಪು ಸೊನ್ನೆ. ಆಗ ಬಣ್ಣ ಸ್ವಚ್ಛವಾಗಿ ಬರುತ್ತದೆ.

ಈಗ ಕಪ್ಪು. ಓದುವ ಅಕ್ಷರಗಳು ಬರೀ ಕಪ್ಪು ಶಾಯಿಯಲ್ಲಿ ಇರಬೇಕು. ಕಪ್ಪು 100, ಉಳಿದ ಮೂರೂ ಸೊನ್ನೆ. ಆರ್‌ಜಿಬಿಯ ಕಪ್ಪನ್ನು ಸಿಎಂವೈಕೆಗೆ ತಿರುಗಿಸಿದರೆ ಅದು ನಾಲ್ಕೂ ಶಾಯಿಗಳ ಮಿಶ್ರಣವಾಗುತ್ತದೆ. ನಾಲ್ಕು ಪ್ಲೇಟುಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವುದು ಕಷ್ಟ. ಸ್ವಲ್ಪ ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು. ನಮ್ಮ ಒತ್ತಕ್ಷರಗಳ ತೆಳು ಗೆರೆಗೆ ಅದು ತಡೆಯುವುದಿಲ್ಲ.

ಇನ್‌ಡಿಸೈನ್ ಬಳಸುವವರು ಸ್ವಾಚಸ್ ಪ್ಯಾನೆಲ್ ತೆರೆದು ನೋಡಿ. ವರ್ಡ್ ಫೈಲ್ ತಂದಿದ್ದರೆ 'ವರ್ಡ್ ಆರ್0 ಜಿ0 ಬಿ0' ಎಂಬ ಒಂದು ಬಣ್ಣ ತಾನಾಗಿ ಸೇರಿರುತ್ತದೆ. ನಿಮ್ಮ ಇಡೀ ಪಠ್ಯ ಆ ಆರ್‌ಜಿಬಿ ಕಪ್ಪಿನಲ್ಲಿರುತ್ತದೆ. ಅದನ್ನು ಅಳಿಸಿ. ಬದಲಿಗೆ ಯಾವುದು ಎಂದು ಕೇಳಿದಾಗ 'ಬ್ಲ್ಯಾಕ್' ಆರಿಸಿ. ಒಂದೇ ಕ್ಲಿಕ್ಕಿಗೆ ಪುಸ್ತಕವೆಲ್ಲ ಸರಿಹೋಗುತ್ತದೆ.

ಮುಖಪುಟದ ಹಿನ್ನೆಲೆ ಪೂರ್ತಿ ಕಪ್ಪಾಗಿದ್ದರೆ ನಿಯಮ ಬೇರೆ. ಬರೀ ಕಪ್ಪು ಶಾಯಿ ಅಷ್ಟು ದೊಡ್ಡ ಜಾಗದಲ್ಲಿ ಬೂದಿಯಾಗಿ ಕಾಣುತ್ತದೆ. ಅಲ್ಲಿ ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಕೊಡಿ. ಒಟ್ಟು 240. ನಾಲ್ಕೂ ಸೇರಿ 300 ದಾಟಿದರೆ ಶಾಯಿ ಬೇಗ ಒಣಗದೆ ಪಕ್ಕದ ಹಾಳೆಗೆ ಅಂಟುತ್ತದೆ. 'ರಿಜಿಸ್ಟ್ರೇಷನ್' ಎಂಬ ಬಣ್ಣವೂ ಕಪ್ಪಾಗಿಯೇ ಕಾಣುತ್ತದೆ, ಆದರೆ ಅದು ನಾಲ್ಕೂ ಶಾಯಿ ನೂರಕ್ಕೆ ನೂರು. ಕತ್ತರಿ ಗುರುತುಗಳಿಗೆ ಮಾತ್ರ ಇರುವುದು. ಅದನ್ನು ಮುಟ್ಟಬೇಡಿ.

ಗಾಢ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬಿಡುವಾಗ 10 ಪಾಯಿಂಟ್‌ಗಿಂತ ಚಿಕ್ಕದು ಬೇಡ, ತೆಳು ಫಾಂಟ್ ಬೇಡ. ಬಿಳಿ ಅಕ್ಷರಕ್ಕೆ 'ಓವರ್‌ಪ್ರಿಂಟ್' ಗುರುತು ಬಿದ್ದಿಲ್ಲ ಎಂದು ನೋಡಿ. ಓವರ್‌ಪ್ರಿಂಟ್ ಎಂದರೆ ಕೆಳಗಿನ ಬಣ್ಣ ಅಳಿಸದೆ ಅದರ ಮೇಲೇ ಅಚ್ಚು ಹಾಕುವುದು. ಬಿಳಿಗೆ ಶಾಯಿಯೇ ಇಲ್ಲ. ಹಾಗಾಗಿ ಅಕ್ಷರ ಮಾಯವಾಗುತ್ತದೆ.

ಹಂತ 6: ಮುಖಪುಟ ಬೇರೆ ಫೈಲ್

ಮುಖಪುಟ, ಬೆನ್ನು, ಹಿಂಬದಿ ಮೂರೂ ಒಂದೇ ಹಾಳೆಯಾಗಿ ಬೇರೆ ಪಿಡಿಎಫ್ ಆಗಬೇಕು. ಎಡಕ್ಕೆ ಹಿಂಬದಿ, ನಡುವೆ ಬೆನ್ನು, ಬಲಕ್ಕೆ ಮುಖಪುಟ. ಬೆನ್ನಿನ ಲೆಕ್ಕ ಹೀಗೆ: 160 ಪುಟ ಎಂದರೆ 80 ಹಾಳೆ. ಹಾಳೆಯ ದಪ್ಪ 0.1 ಮಿ.ಮೀ. ಎಂದು ಪ್ರೆಸ್‌ನವರು ಹೇಳಿದರೆ ಬೆನ್ನು 8 ಮಿ.ಮೀ. ಒಟ್ಟು ಅಗಲ 140 + 8 + 140, ಅಂದರೆ 288. ಎರಡೂ ಕಡೆ ಬ್ಲೀಡ್ ಸೇರಿ 294. ಎತ್ತರ 215ಕ್ಕೆ 6 ಸೇರಿ 221 ಮಿ.ಮೀ. ಒಳಪುಟಗಳು ಅಂತಿಮವಾಗುವ ತನಕ ಬೆನ್ನಿನ ಅಳತೆ ನಿಲ್ಲುವುದಿಲ್ಲ. ಅದಕ್ಕೇ ಮುಖಪುಟವನ್ನು ಕೊನೆಗೆ ಮುಗಿಸಿ. ಬೆನ್ನು 5 ಮಿ.ಮೀ.ಗಿಂತ ತೆಳುವಾದರೆ ಅಲ್ಲಿ ಹೆಸರು ಬರೆಯದಿರುವುದೇ ಒಳ್ಳೆಯದು.

ಐಎಸ್‌ಬಿಎನ್ ಬಾರ್‌ಕೋಡ್ ಹಾಕುವುದಾದರೆ ಬಿಳಿ ಹಿನ್ನೆಲೆಯ ಮೇಲೆ ಬರೀ ಕಪ್ಪು ಶಾಯಿಯಲ್ಲಿ, ವೆಕ್ಟರ್ ಆಗಿ ಹಾಕಿ. ಮೂಲ ಅಳತೆಯ ಶೇ. 80ಕ್ಕಿಂತ ಚಿಕ್ಕದು ಮಾಡಬೇಡಿ. ಕ್ಯಾನ್ವಾ ಎಂಬ ಆನ್‌ಲೈನ್ ವಿನ್ಯಾಸ ತಾಣದಲ್ಲಿ ಮುಖಪುಟ ಮಾಡಿದವರು ಡೌನ್‌ಲೋಡ್ ಮಾಡುವಾಗ 'ಪಿಡಿಎಫ್ ಪ್ರಿಂಟ್' ಆರಿಸಿ, ಕತ್ತರಿ ಗುರುತು ಮತ್ತು ಬ್ಲೀಡ್‌ನ ಚೌಕಕ್ಕೆ ಟಿಕ್ ಹಾಕಿ. ಸಿಎಂವೈಕೆ ಸೌಲಭ್ಯ ಅಲ್ಲಿ ದುಡ್ಡು ಕೊಟ್ಟವರಿಗೆ ಮಾತ್ರ.

ಹಂತ 7: ಪಿಡಿಎಫ್ ಮಾಡುವುದು

ಇನ್‌ಡಿಸೈನ್‌ನಲ್ಲಿ: ಫೈಲ್, ಎಕ್ಸ್‌ಪೋರ್ಟ್, 'ಅಡೋಬಿ ಪಿಡಿಎಫ್ ಪ್ರಿಂಟ್'. ಪ್ರೆಸ್ ಹೇಳಿದ ಪ್ರಿಸೆಟ್ (ಸಿದ್ಧ ಸೆಟ್ಟಿಂಗ್) ಆರಿಸಿ. ಪಿಡಿಎಫ್/ಎಕ್ಸ್-1ಎ ಹಳೆಯದು, ಕಟ್ಟುನಿಟ್ಟಿನದು. ಇದರಲ್ಲಿ ಆರ್‌ಜಿಬಿಗೆ ಜಾಗವಿಲ್ಲ, ನೆರಳು ಮತ್ತು ಪಾರದರ್ಶಕ ಪರಿಣಾಮಗಳೆಲ್ಲ ಒಂದೇ ಪದರವಾಗಿ ಚಪ್ಪಟೆಯಾಗುತ್ತವೆ. ಎಕ್ಸ್-4ರಲ್ಲಿ ಪಾರದರ್ಶಕತೆ ಹಾಗೇ ಉಳಿಯುತ್ತದೆ. ಪ್ರೆಸ್‌ನವರು ಏನೂ ಹೇಳದಿದ್ದರೆ ಎಕ್ಸ್-1ಎ ಕೊಡಿ. ಹಳೆಯ ಯಂತ್ರವೂ ಅದನ್ನು ಓದುತ್ತದೆ. 'ಪೇಜಸ್' ಆರಿಸಿ, 'ಸ್ಪ್ರೆಡ್ಸ್' ಬೇಡ. ಎದುರುಬದುರು ಪುಟ ಜೋಡಿಸಿ ಕೊಟ್ಟರೆ ಪ್ರೆಸ್‌ನವರಿಗೆ ಉಪಯೋಗವಿಲ್ಲ. ಫಾರಂಗೆ ತಕ್ಕಂತೆ ಪುಟ ಹೊಂದಿಸುವ ಕೆಲಸ ಅವರದು. 'ಮಾರ್ಕ್ಸ್ ಅಂಡ್ ಬ್ಲೀಡ್ಸ್' ವಿಭಾಗದಲ್ಲಿ ಕ್ರಾಪ್ ಮಾರ್ಕ್ (ಕತ್ತರಿ ಗುರುತು) ಹಾಕಿ, 'ಆಫ್‌ಸೆಟ್' (ಪುಟದಿಂದ ಆ ಗುರುತಿಗಿರುವ ಅಂತರ) 3 ಮಿ.ಮೀ. ಇಡಿ, 'ಯೂಸ್ ಡಾಕ್ಯುಮೆಂಟ್ ಬ್ಲೀಡ್ ಸೆಟ್ಟಿಂಗ್ಸ್' ಟಿಕ್ ಮಾಡಿ. ಈ ಕೊನೆಯ ಟಿಕ್ ಮರೆತರೆ ನೀವು ಹಾಕಿದ ಬ್ಲೀಡ್ ಪಿಡಿಎಫ್‌ಗೆ ಬರುವುದೇ ಇಲ್ಲ.

ವರ್ಡ್‌ನಲ್ಲಿ: ಮೊದಲು ಆಪ್ಷನ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ 'ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್' ಟಿಕ್ ಮಾಡಿ. ಇದನ್ನು ಚಿತ್ರ ಹಾಕುವ ಮೊದಲೇ ಮಾಡಬೇಕು. ಆಮೇಲೆ ಸೇವ್ ಆಸ್, ಪಿಡಿಎಫ್, 'ಸ್ಟ್ಯಾಂಡರ್ಡ್'. ಅಲ್ಲಿನ ಆಪ್ಷನ್ಸ್‌ನಲ್ಲಿ ಫಾಂಟ್ ಸೇರಿಸಲಾಗದಿದ್ದರೆ ಪಠ್ಯವನ್ನು ಬಿಟ್‌ಮ್ಯಾಪ್ ಮಾಡು ಎಂಬ ಟಿಕ್ ಇದ್ದರೆ ತೆಗೆಯಿರಿ. ಅದು ಅಕ್ಷರವನ್ನು ಚಿತ್ರವಾಗಿಸಿ ಮಸುಕು ಮಾಡುತ್ತದೆ. ಲಿಬ್ರೆಆಫೀಸ್‌ನಲ್ಲಿ 'ಎಕ್ಸ್‌ಪೋರ್ಟ್ ಆಸ್ ಪಿಡಿಎಫ್' ತೆರೆದು 'ಲಾಸ್‌ಲೆಸ್' ಆರಿಸಿ, ಚಿತ್ರದ ರೆಸಲ್ಯೂಶನ್ ಕಡಿಮೆ ಮಾಡುವ ಟಿಕ್ ತೆಗೆಯಿರಿ. ಇವೆರಡೂ ಆರ್‌ಜಿಬಿ ಪಿಡಿಎಫ್ ಕೊಡುತ್ತವೆ. ಒಳಪುಟ ಒಂದೇ ಬಣ್ಣವಾದರೆ ಭಯವಿಲ್ಲ, ಆದರೆ ಇದು ವರ್ಡ್‌ನಿಂದ ಬಂದದ್ದು, ಬರೀ ಕಪ್ಪಿನಲ್ಲಿ ಅಚ್ಚಾಗಬೇಕು ಎಂದು ಪ್ರೆಸ್‌ಗೆ ಬರೆದು ಕೊಡಿ.

ಎಲ್ಲ ಅಕ್ಷರಗಳನ್ನೂ ಔಟ್‌ಲೈನ್ ಅಥವಾ ಕರ್ವ್ ಮಾಡಿ ತನ್ನಿ ಎಂದು ಕೆಲವರು ಹೇಳುತ್ತಾರೆ. ಅಂದರೆ ಅಕ್ಷರವನ್ನು ಗೆರೆಚಿತ್ರವಾಗಿ ಬದಲಿಸುವುದು. ಮುಖಪುಟಕ್ಕೆ ಮಾಡಿ, ಒಳ್ಳೆಯದೇ. 160 ಪುಟದ ಒಳಪಠ್ಯಕ್ಕೆ ಬೇಡ. ಫೈಲ್ ಊದಿಕೊಳ್ಳುತ್ತದೆ, ಕೊನೇ ಗಳಿಗೆಯಲ್ಲಿ ಒಂದು ಕಾಗುಣಿತ ತಪ್ಪು ಸಿಕ್ಕರೆ ಪಿಡಿಎಫ್‌ನಲ್ಲಿ ತಿದ್ದುವ ದಾರಿಯೇ ಇರುವುದಿಲ್ಲ. ಫಾಂಟ್ ಸರಿಯಾಗಿ ಎಂಬೆಡ್ ಆಗಿದ್ದರೆ, ಅಂದರೆ ಪಿಡಿಎಫ್ ಒಳಗೆ ಸೇರಿದ್ದರೆ, ಅದು ಬೇಕಾಗಿಯೂ ಇಲ್ಲ.

ಹಂತ 8: ಪಿಡಿಎಫ್ ಅನ್ನೇ ಪರೀಕ್ಷಿಸಿ

ವರ್ಡ್ ಫೈಲಿನಲ್ಲಿ ಸರಿಯಿದೆ ಎಂಬುದು ಲೆಕ್ಕಕ್ಕಿಲ್ಲ. ಪಿಡಿಎಫ್ ತೆರೆದು ನೋಡಬೇಕು.

ಅಕ್ರೊಬ್ಯಾಟ್ ರೀಡರ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿ, 'ಫಾಂಟ್ಸ್' ನೋಡಿ. ಪ್ರತಿ ಫಾಂಟ್‌ನ ಮುಂದೆ 'ಎಂಬೆಡೆಡ್' ಅಥವಾ 'ಎಂಬೆಡೆಡ್ ಸಬ್‌ಸೆಟ್' ಎಂದಿರಬೇಕು. ಸಬ್‌ಸೆಟ್ ಎಂದರೆ ಬಳಸಿದ ಅಕ್ಷರಗಳಷ್ಟೇ ಸೇರಿವೆ ಎಂದು. ಅದು ಸಾಕು. ಒಂದೇ ಒಂದು ಫಾಂಟ್ ಸೇರಿಲ್ಲದಿದ್ದರೂ ವಾಪಸ್ ಹೋಗಿ ಸರಿಮಾಡಿ.

ಅಕ್ರೊಬ್ಯಾಟ್ ಪ್ರೊ ಇದ್ದರೆ 'ಔಟ್‌ಪುಟ್ ಪ್ರಿವ್ಯೂ' ತೆರೆದು ಕಪ್ಪು ಪ್ಲೇಟಿನ ಟಿಕ್ ತೆಗೆಯಿರಿ. ಪಠ್ಯವೆಲ್ಲ ಪರದೆಯಿಂದ ಮಾಯವಾಗಬೇಕು. ಎಲ್ಲೋ ಒಂದು ಶೀರ್ಷಿಕೆ ಮಾತ್ರ ಬಣ್ಣಬಣ್ಣವಾಗಿ ಉಳಿದುಕೊಂಡರೆ ಅದು ನಾಲ್ಕು ಶಾಯಿಯ ಕಪ್ಪು. ಅಲ್ಲೇ 'ಪ್ರಿಫ್ಲೈಟ್' ನಡೆಸಿ. ಪ್ರಿಫ್ಲೈಟ್ ಎಂದರೆ ಮುದ್ರಣಕ್ಕೆ ಮುಂಚಿನ ತಪಾಸಣೆ. ಕಡಿಮೆ ರೆಸಲ್ಯೂಶನ್ ಚಿತ್ರ ಯಾವ ಪುಟದಲ್ಲಿದೆ ಎಂದು ಅದೇ ತೋರಿಸುತ್ತದೆ. ಪ್ರೊ ಇಲ್ಲದವರಿಗೆ ಪಾಪ್ಲರ್ ಎಂಬ ಉಚಿತ ಸಲಕರಣೆಗಳಿವೆ. ಅದರ 'ಪಿಡಿಎಫ್‌ಫಾಂಟ್ಸ್' ಫಾಂಟ್‌ಗಳ ಪಟ್ಟಿ ಕೊಡುತ್ತದೆ, 'ಪಿಡಿಎಫ್‌ಇಮೇಜಸ್' ಚಿತ್ರಗಳ ರೆಸಲ್ಯೂಶನ್ ಹೇಳುತ್ತದೆ.

ಎರಡು ವಿಷಯಕ್ಕೆ ಗಾಬರಿ ಬೇಡ. ಎಕ್ಸ್-1ಎ ಪಿಡಿಎಫ್‌ನಲ್ಲಿ ನೆರಳಿನ ಸುತ್ತ ಕೂದಲಿನಂಥ ಬಿಳಿ ಗೆರೆ ಕಂಡು, ಜೂಮ್ ಮಾಡಿದರೂ ಅದು ದಪ್ಪವಾಗದಿದ್ದರೆ ಅದು ಪರದೆಯ ದೋಷ ಮಾತ್ರ. ಇನ್ನು ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಅಕ್ಷರ ಕಲಸಿಹೋಗಬಹುದು. ಕಾಪಿ ಮಾಡುವಾಗ ಅಕ್ಷರಗಳ ಕ್ರಮ ತಪ್ಪುತ್ತದೆ ಅಷ್ಟೇ. ಅಚ್ಚಿಗೆ ಇದರಿಂದ ತೊಂದರೆಯಿಲ್ಲ.

ಕೊನೆಗೆ ಕೆಲವು ಪುಟಗಳನ್ನು ಮನೆಯ ಅಥವಾ ಅಂಗಡಿಯ ಪ್ರಿಂಟರ್‌ನಲ್ಲಿ 'ಆಕ್ಚುವಲ್ ಸೈಜ್' ಇಟ್ಟು ತೆಗೆಯಿರಿ. 'ಫಿಟ್' ಎಂದಿದ್ದರೆ ಅಳತೆ ಬದಲಾಗಿ ಪರೀಕ್ಷೆಗೆ ಅರ್ಥ ಇರುವುದಿಲ್ಲ. ಅಕ್ಷರದ ಗಾತ್ರ, ಸಾಲಿನ ಅಂತರ, ಅಂಚು ಕಾಗದದ ಮೇಲೆ ಮಾತ್ರ ಸರಿಯಾಗಿ ಗೊತ್ತಾಗುತ್ತದೆ.

ಹಂತ 9: ಕಳಿಸುವುದು ಮತ್ತು ಪ್ರೂಫ್

ಒಳಪುಟ ಒಂದು ಪಿಡಿಎಫ್, ಮುಖಪುಟ ಒಂದು ಪಿಡಿಎಫ್. ಪಾಸ್‌ವರ್ಡ್ ಹಾಕಬೇಡಿ. ಹೆಸರಿನಲ್ಲಿ 'ಫೈನಲ್', 'ಫೈನಲ್ 2' ಎನ್ನುವ ಬದಲು ದಿನಾಂಕ ಹಾಕಿ. ಹಳೆಯ ಫೈಲ್ ಅಚ್ಚಾಗುವ ಅನಾಹುತ ಅರ್ಧ ಕಡಿಮೆಯಾಗುತ್ತದೆ. ಜೊತೆಗೆ ಅಳತೆ, ಪುಟಸಂಖ್ಯೆ, ಕಾಗದ, ಬಣ್ಣ, ಪ್ರತಿಗಳ ಸಂಖ್ಯೆ ಬರೆದ ಒಂದು ಚೀಟಿ ಕಳಿಸಿ.

ಪ್ಲೇಟ್ ಮಾಡುವ ಮೊದಲು ಪ್ರೂಫ್ (ಪರೀಕ್ಷೆಗೆ ತೆಗೆದ ಪ್ರತಿ) ಕೇಳಿ ತರಿಸಿಕೊಳ್ಳಿ. ಒಳಪುಟಕ್ಕೆ ಮಡಚಿದ ಡಮ್ಮಿ (ಮಾದರಿ ಪುಸ್ತಕ), ಮುಖಪುಟಕ್ಕೆ ಬಣ್ಣದ ಪ್ರಿಂಟ್. ಈಗ ಕಥೆ ಓದಲು ಕೂರಬೇಡಿ. ಪುಟಗಳ ಕ್ರಮ, ಮೊದಲ ಪುಟ ಬಲಗಡೆ ಬಂದಿದೆಯೇ, ಪರಿವಿಡಿಯ ಪುಟಸಂಖ್ಯೆ ಹೊಂದುತ್ತದೆಯೇ, ಬೆನ್ನಿನ ಹೆಸರು ನಡುವೆ ಕೂತಿದೆಯೇ, ತಲೆಬರಹಗಳಲ್ಲಿ ಒತ್ತಕ್ಷರ ಕೂಡಿದೆಯೇ, ಇಷ್ಟನ್ನು ನೋಡಿ. ತಪ್ಪು ಸಿಕ್ಕರೆ ಪ್ರೆಸ್‌ನಲ್ಲೇ ತಿದ್ದಿಬಿಡಿ ಎನ್ನಬೇಡಿ. ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇರಬೇಕೆಂದೇನಿಲ್ಲ. ಮೂಲ ಫೈಲಿನಲ್ಲಿ ನೀವೇ ತಿದ್ದಿ, ಹೊಸ ಪಿಡಿಎಫ್ ಮಾಡಿ, ಹಂತ 8 ಅನ್ನು ಮತ್ತೆ ಪೂರ್ತಿ ಮಾಡಿ ಕಳಿಸಿ. ಒಪ್ಪಿಗೆಯನ್ನು ಬರವಣಿಗೆಯಲ್ಲಿ ಕೊಡಿ.

ಅಚ್ಚಾದ ಮೇಲೆ ಮೂಲ ಫೈಲ್, ಚಿತ್ರಗಳು, ಫಾಂಟ್‌ಗಳು, ಅಂತಿಮ ಪಿಡಿಎಫ್ ನಾಲ್ಕನ್ನೂ ಒಂದೇ ಫೋಲ್ಡರ್‌ನಲ್ಲಿ ಎರಡು ಕಡೆ ಉಳಿಸಿಡಿ. ಇನ್‌ಡಿಸೈನ್‌ನ 'ಪ್ಯಾಕೇಜ್' ಆಜ್ಞೆ ಇವನ್ನೆಲ್ಲ ಒಟ್ಟು ಮಾಡಿಕೊಡುತ್ತದೆ. ಆದರೆ ಎಲ್ಲ ಫಾಂಟ್‌ಗಳೂ ಅದರೊಳಗೆ ಬಂದಿವೆಯೇ ಎಂದು ಫೋಲ್ಡರ್ ತೆರೆದು ನೋಡಿ. ಬಂದಿಲ್ಲದಿದ್ದರೆ ನೀವೇ ನಕಲಿಸಿ ಹಾಕಿ.